ರೈಟ್ ಪೋಯಿ

ಇಪ್ಪತ್ತಾರು ವರ್ಷ ಫುಟ್‌ಬೋರ್ಡಿನ ಮೇಲೆ ನಿಂತವನು ನಾನು.
ಒಂದು ಕಾಲು ಬಸ್ಸಿನಲ್ಲಿ, ಒಂದು ಕಾಲು ಗಾಳಿಯಲ್ಲಿ,
ಕಂಕುಳಲ್ಲಿ ಚರ್ಮದ ಚೀಲ,
ಬೆರಳ ಸಂದಿನಲ್ಲಿ ಉದ್ದಕ್ಕೆ ಮಡಚಿದ ನೋಟು,
ತುಟಿಯಲ್ಲಿ ವಿಶಿಲ್.
ಇದಕ್ಕೆ ವ್ಯಾಯಾಮ ಅಂತ ಹೆಸರುಂಟೆಂದು ಆಗ ಯಾರೂ ಹೇಳಲಿಲ್ಲ.
ಬೆವರು ಅಂದರೆ ಜಲಜಾಕ್ಷಿಗೆ ಒಂದು ಅಂಗಿ ಹೆಚ್ಚು ಒಗೆಯುವ ಕೆಲಸ,
ಅಷ್ಟೆ.

ಆಮೇಲೆ ಧನಿಗಳು ಕರೆದರು:
“ಮೋನಪ್ಪ, ನಿನಗಿನ್ನು ಕುರ್ಚಿ.”
ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿನ ಮೂಲೆಯಲ್ಲಿ ತಗಡಿನ ಗೂಡು,
ಒಂದು ಫ್ಯಾನು, ಒಂದು ಗಡಿಯಾರ.
ಯಾವ ಬಸ್ಸು ಎಷ್ಟು ನಿಮಿಷ ತಡ, ಬರೆಯಬೇಕು.
ಹತ್ತೂವರೆಗೆ ಗೋಳಿಬಜೆ, ನಾಲ್ಕಕ್ಕೆ ಬನ್ಸು,
ನಡುವೆ ಚಾ ಮೂರೋ, ನಾಲ್ಕೋ.
ಅದನ್ನು ಮಾತ್ರ ಬರೆದಿಡಲಿಲ್ಲ.

ಏಳು ವರ್ಷಕ್ಕೆ ಕುರ್ಚಿ ನನ್ನ ಆಕಾರಕ್ಕೆ ತಗ್ಗಾಯಿತು.
ನಾನೂ ಕುರ್ಚಿಯ ಆಕಾರಕ್ಕೆ.

ವೆನ್ಲಾಕಿನಲ್ಲಿ ಚೀಟಿ ನೋಡಿದ ಡಾಕ್ಟ್ರಮ್ಮ ಸಣ್ಣ ಹುಡುಗಿ;
ನನ್ನ ಬಸ್ಸಲ್ಲೇ ಅರ್ಧ ಟಿಕೆಟಿನಲ್ಲಿ ಶಾಲೆಗೆ ಹೋದವಳಿರಬೇಕು.
“ಒಂಬತ್ತೂವರೆ” ಅಂದಳು, “ಮೂರು ತಿಂಗಳ ಸರಾಸರಿ.”
ಮತ್ತೆ ಹೇಳಿದ್ದೆಲ್ಲ ಅವಳ ಭಾಷೆ,
ನನಗೆ ತಿಳಿದದ್ದು ಹೀಗೆ:
ರಕ್ತದ ಬಸ್ಸು ಸಕ್ಕರೆಯಿಂದ ಫುಲ್,
ಮಾಂಸಖಂಡದ ಸ್ಟಾಪುಗಳಲ್ಲಿ ಯಾರೂ ಬಾಗಿಲು ತೆಗೆಯುತ್ತಿಲ್ಲ.
ಕಾಲು ದುಡಿದರೆ ಬಾಗಿಲು ತೆರೆಯುತ್ತದೆ,
ಜನ ಇಳಿಯುತ್ತಾರೆ.

ಮೊದಲ ದಿನ ಕ್ಲಾಕ್ ಟವರ್‌ವರೆಗೆ.
ಅಲ್ಲಿಯೇ ನಿಂತು ಉಬ್ಬಸ ಬಿಟ್ಟೆ,
ಯಾರಾದರೂ ನೋಡಿದರೆ ಎಂದು
ಬಸ್ಸು ಕಾಯುವವನ ಹಾಗೆ ರಸ್ತೆ ನೋಡಿದೆ.
ಎರಡನೇ ವಾರ ಹಂಪನಕಟ್ಟೆ.
ಮಳೆ ಬಂದಾಗ ಬಿಟ್ಟೆ; ಹನ್ನೊಂದು ದಿನ,
ಸುಳ್ಳು ಯಾಕೆ ಹೇಳಲಿ.
ಜಲಜಾಕ್ಷಿ ಮಾತಾಡದೆ ಕೊಡೆ ತಂದು
ಚಪ್ಪಲಿಯ ಪಕ್ಕ ಇಟ್ಟಳು.

ಈಗ ಬೆಳಿಗ್ಗೆ ಐದೂಮುಕ್ಕಾಲು.
ಮೀನಿನ ಲಾರಿ ನೀರು ಚೆಲ್ಲುತ್ತ ದಾಟಿದ ಮೇಲೆ
ನನ್ನ ಟ್ರಿಪ್ಪು ಶುರು.
ಜ್ಯೋತಿ, ಜ್ಯೋತಿ, ಜ್ಯೋತಿ...
ಬಂಟ್ಸ್ ಹಾಸ್ಟೆಲ್... ಮಲ್ಲಿಕಟ್ಟೆ ಇದ್ದಾರಾ...
ಬಾಯೊಳಗೇ ಕೂಗಿಕೊಂಡು ಹೋಗುತ್ತೇನೆ.
ಇಷ್ಟು ವರ್ಷ ಸ್ಟಾಪುಗಳ ಹೆಸರು ಮಾತ್ರ ಗೊತ್ತಿತ್ತು ನನಗೆ,
ನಡುವಿನ ಏರು ಗೊತ್ತಿರಲಿಲ್ಲ;
ಯಾವ ಗೋಡೆಯಿಂದ ಸಂಪಿಗೆ ಬಗ್ಗುತ್ತದೆ,
ಯಾವ ಗೇಟಿನ ನಾಯಿ ಬರೀ ಬಾಯಿ.

ಹಳೆಯ ಹುಡುಗರು ಬಸ್ಸು ನಿಧಾನ ಮಾಡುತ್ತಾರೆ,
“ಬಲೆ ಮೋನಪ್ಪಣ್ಣ, ಹತ್ತಿ!”
ಕೈ ಬೀಸುತ್ತೇನೆ: ಹೋಗಿ ಮಾರಾಯ್ರೆ,
ನಿಮಗೆ ಟೈಮಾಯಿತು.

ಮೊನ್ನೆ ಏಳೂಮುಕ್ಕಾಲಕ್ಕೆ ಇಳಿದಿದೆ. ಮಾತ್ರೆ ನಿಂತಿಲ್ಲ.
ಆದರೆ ರಾತ್ರಿ ಮಲಗಿದರೆ ನಿದ್ದೆಯೇ,
ಕದ್ರಿಯ ಏರು ಹತ್ತಿದ ಮೇಲೂ
ಒಂದು ಜಗಳಕ್ಕೆ ಬೇಕಾದಷ್ಟು ಉಸಿರು ಉಳಿದಿರುತ್ತದೆ.

ಆದಿತ್ಯವಾರ ರೂಟು ಬದಲಿ, ಕುದ್ರೋಳಿ.
ಅಲ್ಲಿ ಹಸನಬ್ಬ, ನನ್ನ ಡ್ರೈವರ್,
ಹದಿನಾಲ್ಕು ವರ್ಷ ನನ್ನ ವಿಶಿಲಿಗೆ ಕಿವಿಕೊಟ್ಟವನು,
ಎದೆಯಲ್ಲಿ ಸ್ಟೆಂಟು ಹಾಕಿಸಿಕೊಂಡು
ಜಗಲಿಯಲ್ಲಿ ಕೂತಿದ್ದಾನೆ, ನಾಲ್ಕು ತಿಂಗಳು.
ಡಾಕ್ಟರು ನಡೆಯಲು ಹೇಳಿ ಮೂರು ತಿಂಗಳಾಯಿತಂತೆ.
“ಹೆದರಿಕೆ” ಅನ್ನಲಿಲ್ಲ ಅವನು.
ಮೊಣಕಾಲು ತಟ್ಟಿ, “ಕ್ಲಚ್ಚು ಹೋಗಿದೆ ಮೋನು” ಅಂದ.

ನಾನು ಉಪದೇಶದವನಲ್ಲ.
ಕಿಸೆಯಿಂದ ಹಳೆಯ ವಿಶಿಲ್ ತೆಗೆದೆ,
ಎರಡು ಸಲ ಊದಿದೆ.

ಅವನ ಬಲಗಾಲು, ಅವನನ್ನು ಕೇಳದೆಯೇ,
ಜಗಲಿಯ ನೆಲವನ್ನು ಒತ್ತಿತು.

ಹೋದೆವು. ನಾಲ್ಕು ಮನೆ ದೂರ,
ತಿರುವಿನ ನಲ್ಲಿಯವರೆಗೆ, ನನ್ನ ಭುಜ ಹಿಡಿದು.
ನಡುವೆ ಎರಡು ಸಲ ನಿಂತು
ಆಕಾಶ ನೋಡುವ ನಾಟಕ ಮಾಡಿದ;
ನಾನೂ ನೋಡಿದೆ.
ಒಂಬತ್ತು ನಿಮಿಷ.
ತಡ ಎಂದು ಎಲ್ಲೂ ಬರೆಯಲಿಲ್ಲ.