ನೆಗೆಟಿವ್

ಗ್ರಿಮ್ಸ್‌ಬಿಯ ಆಸ್ಪತ್ರೆಯಲ್ಲಿ ರೋಗಿಗಳಿಗೆ ಕಾಗದ ಬರೆಯುವುದು ನನ್ನ ಕೆಲಸ.
"ತಮ್ಮ ಪರೀಕ್ಷೆಯ ಫಲಿತಾಂಶ ನೆಗೆಟಿವ್ ಎಂದು
ಈ ಮೂಲಕ ತಿಳಿಸಲಾಗಿದೆ."
ಹೀಗೇ ಎಂಟು ವರ್ಷ. ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ.

ಬ್ಲೆಂಕಿನ್ ಮುದುಕ, ಮೀನುಕಟ್ಟೆಯಲ್ಲಿ ದುಡಿದವನು,
ಅದನ್ನೋದಿ, ಮಡಚಿ, ಕೋಟಿನ ಜೇಬಿಗಿಟ್ಟು
ಸಾಕಿದ ಹದಿನಾಲ್ಕು ಪಾರಿವಾಳಗಳನ್ನು
ಲೌತ್ ಊರಿನ ಯಾರಿಗೋ ಕೊಟ್ಟುಬಿಟ್ಟ.
ಮಗಳಿಗೂ ಹೇಳಲಿಲ್ಲ.

ತಿಂಗಳ ಮೇಲೆ ಬಂದ, ಟೋಪಿ ಕೈಯಲ್ಲಿ.
"ಇನ್ನೆಷ್ಟು ದಿನ, ಮಗಳೇ?"
ಕಾಗದ ನೋಡಿದೆ. ಅವನ ಮುಖ ನೋಡಿದೆ.
"ನಿಮಗೇನೂ ಆಗಿಲ್ಲ" ಅಂದೆ.
"ಹಾಗಂತಲೇ ಬರೀಬಹುದಿತ್ತಲ್ಲ" ಅಂದ.
ದನಿಯಲ್ಲಿ ಸಿಟ್ಟಿರಲಿಲ್ಲ. ಚುಚ್ಚಿದ್ದು ಅದೇ.

ಈಗ ಮೊದಲ ಸಾಲಿನಲ್ಲೇ ಬರೆಯುತ್ತೇನೆ:
ನಿಮಗೆ ಕಾಯಿಲೆ ಇಲ್ಲ.
ಇಲ್ಲವೇ:
ಏನೋ ಕಂಡಿದೆ. ಮಂಗಳವಾರ ಹತ್ತಕ್ಕೆ ಬನ್ನಿ.
ಒಬ್ಬರೇ ಬರಬೇಡಿ.

ಕೊನೆಯ ಆ ಎರಡು ಪದಕ್ಕೆ
ಹಳೆಯ ಇಡೀ ಪುಟಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು;
ಸಾಹೇಬರು ಕೆಂಪು ಶಾಯಿಯಲ್ಲಿ ಹೊಡೆದರು,
ನಾನು ಮತ್ತೆ ಬರೆದೆ.

ಪಾರಿವಾಳಗಳಲ್ಲಿ ಮೂರು ತಾವಾಗಿ ಮರಳಿದವಂತೆ.
ಉಳಿದವಕ್ಕಾಗಿ ಮುದುಕ
ಗೂಡಿನ ಬಾಗಿಲು ಇನ್ನೂ ತೆರೆದಿಟ್ಟಿದ್ದಾನೆ.