ಎರಡು ಒತ್ತು

ಸಂತೇಪೇಟೆಯಲ್ಲಿ ನನ್ನ ಅಂಗಡಿ, ಎಣ್ಣೆ ಮಂಡಿಗೂ
ಹಗ್ಗದ ಮಳಿಗೆಗೂ ನಡುವೆ, ಮೆಟ್ಟಿಲ ಕೆಳಗೆ.
ಎರಡು ಕಂಪ್ಯೂಟರು. ಒಂದಕ್ಕೆ ವಯಸ್ಸಾಗಿದೆ,
ಹಳೆ ಫೈಲುಗಳು ಅದರ ಮಾತನ್ನಷ್ಟೇ ಕೇಳುತ್ತವೆ.

ಮಂಗಳವಾರ ರಾಚಪ್ಪಾಜಿ ಬಂದರು,
ಕೈಯಲ್ಲೊಂದು ಸಿ.ಡಿ., ಗೀರು ಬಿದ್ದದ್ದು.
ತಾಯಿಯ ಊದಿನಕಡ್ಡಿ ಪೊಟ್ಟಣದ ಚಿತ್ರ:
ಸುತ್ತ ಮಲ್ಲಿಗೆ ಬಳ್ಳಿ, ನಡುವೆ ಹೆಸರು.
ಹೊಸ ಪ್ರೆಸ್ಸಿನವರಿಗೆ ಬೇರೆ ನಮೂನೆ ಫೈಲು ಬೇಕಂತೆ.
'ಐದು ನಿಮಿಷ' ಅಂದೆ.
ಈ ಕಸುಬಿನ ಸುಳ್ಳೆಲ್ಲ ಐದು ನಿಮಿಷದ್ದೇ.

ಬಳ್ಳಿ ಬಂತು. ಹೆಸರು ಬರಲಿಲ್ಲ.
ನ ಇರಬೇಕಾದ ಕಡೆ ಪೌಂಡಿನ ಗುರುತು,
ಪಕ್ಕದಲ್ಲಿ ತಲೆಗೆ ಗೀಟೆಳೆದುಕೊಂಡ ಇಂಗ್ಲಿಷಿನ ಎ.
ಸಾವಿರ ಕಡ್ಡಿಗೆ ಇಷ್ಟು ಪೈಸೆಯೆಂದು
ಯಾರು ಯಾರಿಗೋ ಹೊಸೆದು ಹೊಸೆದು
ಆಮೇಲೆ ತನ್ನದೇ ಹೆಸರಲ್ಲಿ ಹೊಸೆದವಳ
ಹೊಸ್ತಿಲಲ್ಲೇ ಪೌಂಡು!
ರಾಚಪ್ಪಾಜಿ ನಕ್ಕರು. ನಾನೂ, ಸ್ವಲ್ಪ.

ಆ ಫಾಂಟು ಈಗ ಯಾರಲ್ಲೂ ಇಲ್ಲ.
ಶಿವರಾಂಪೇಟೆಯ ಒಬ್ಬರು ಮಾಡಿದ್ದಂತೆ,
ಅವರ ಕೋಣೆಯಲ್ಲಿ ಈಗ ಮೊಬೈಲ್ ಕವರು ತೂಗುತ್ತವೆ.

ಹಾಗಾದರೆ ಬದಲಿ. ಅದಕ್ಕೊಂದು ಪಟ್ಟಿ ಇರುತ್ತದೆ:
ಎಡಕ್ಕೆ ಕೇಳಿದ್ದು, ಬಲಕ್ಕೆ ಕೊಡುವುದು,
ಅಕ್ಕಿ ಕೇಳಿದರೆ ನುಚ್ಚು.
ಕೊನೆಯ ಸಾಲು, ಯಾವುದೂ ಸಿಗದಿದ್ದರೆ ಇದು.
ತುಂಬಿದೆ. ಯಂತ್ರ ಚಕಾರವೆತ್ತಲಿಲ್ಲ.
ಕನ್ನಡವೇ ಬಂತು, ದುಂಡಗೆ, ಒಪ್ಪವಾಗಿ.
ಮಾದರಿಗೆಂದು ಹತ್ತು ಪೊಟ್ಟಣ ತೆಗೆದುಕೊಟ್ಟೆ.

ಮರುದಿನ ತಾಯಿಯೇ ಬಂದರು, ತಿಲಕ್‌ನಗರದಿಂದ ಆಟೋದಲ್ಲಿ.
ಬೆರಳ ಸಂದಿಯಲ್ಲಿ ಇದ್ದಿಲ ಕಪ್ಪು, ತೊಳೆದರೂ ಹೋಗದ್ದು.
ಓದು ಬರದು. ಪೊಟ್ಟಣವನ್ನು ಕಣ್ಣಿಗೆ ಹಿಡಿದು,
ಮೂಗಿಗೂ ಹಿಡಿದು, ಮೇಜಿನ ಮೇಲಿಟ್ಟು ಕೇಳಿದರು:
'ನನ್ನ ಹೆಸ್ರಿಗೆ ಕೆಳಗಡೆ ಎರಡು ಕಾಲಿದ್ವಲ್ಲ,
ಎಲ್ಲೋದ್ವು?'

ನೋಡಿದೆ. ನಂಜಮಣಿ.
ನಾನು ಓದಿದ್ದೆ, ಮಗ ಓದಿದ್ದರು,
ಇಬ್ಬರಿಗೂ ನಂಜಮ್ಮಣ್ಣಿಯೆಂದೇ ಕಂಡಿತ್ತು.
'ನಂಜಮಣಿ' ಎಂದು ಓದಿ ಹೇಳಿದೆ.
'ಯಾರೋ ನಾಟಕದ ಕಂಪ್ನಿಯೋಳು' ಅಂದು
ಎಲೆಯಡಿಕೆ ಚೀಲ ಬಿಚ್ಚಿದರು.

ಪಟ್ಟಿ ತೆರೆದು ಕೊನೆಯ ಸಾಲು ಅಳಿಸಿದೆ.
ಸಿಗದಿದ್ದರೆ ನಿಲ್ಲು, ಕೂಗು, ಅಷ್ಟೇ ಇನ್ನು.
ಹಳೆ ಪೊಟ್ಟಣವೊಂದನ್ನು ಸ್ಕ್ಯಾನರಿನಲ್ಲಿ ಬೋರಲು ಮಲಗಿಸಿ
ಅಂಚಿನುದ್ದಕ್ಕೂ ಚುಕ್ಕಿಯಿಡುತ್ತ ಕುಳಿತೆ.
ಮ-ದ ಕೆಳಗೊಂದು, ಣ-ದ ಕೆಳಗೊಂದು.
ಎರಡನೆಯದು ತುಸು ಒಳಕ್ಕೆ ತಿರುಗಿತ್ತು,
ಚಕ್ಕಳಮಕ್ಕಳ ಕೂತು ಕೂತು ಹಾಗಾದಂತೆ.
ಹಗ್ಗದವರು ಶಟರ್ ಎಳೆಯುವ ಹೊತ್ತಿಗೆ ಮುಗಿಯಿತು.

ಇನ್ನದು ಅಕ್ಷರವಲ್ಲ, ಬರೀ ಗೆರೆ.
ಹುಡುಕಿದರೆ ಸಿಗದು, ತಿದ್ದಲು ಬಾರದು.
ಯಾವ ಕಂಪ್ಯೂಟರಿಗೆ ಕೊಟ್ಟರೂ ಓದುವುದಿಲ್ಲ,
ಇದ್ದ ಹಾಗೆ ನೋಡುತ್ತದೆ, ಇದ್ದ ಹಾಗೆ ತೋರಿಸುತ್ತದೆ.

ಬಿಲ್ಲು ಬರೆಯುವಾಗ ಪೆನ್ನು ತಡೆಯಿತು.
ನಂಜಮ್ಮಣ್ಣಿ, ತಿಲಕ್‌ನಗರ.
ಬರೆದ ಮೇಲೆ ಕೆಳಗಡೆ ಎಣಿಸಿದೆ:
ಒಂದು. ಎರಡು.