ಶನಿವಾರದ ಸೀಸೆ

ಶನಿವಾರ ಬೆಳಿಗ್ಗೆ ಏಳಕ್ಕೆ ಏರಿಯ ಬುಡಕ್ಕಿಳಿಯುತ್ತೇನೆ.
ಕೈಯಲ್ಲಿ ಸೌತೆ ಉಪ್ಪಿನಕಾಯಿ ತೀರಿದ ಗಾಜಿನ ಸೀಸೆ,
ಜೇಬಿನಲ್ಲಿ ಸ್ಕೂಲ್ ಬಸ್ಸು ಓಡಿಸುತ್ತಿದ್ದ ಕಾಲದ ಗಡಿಯಾರ.
ಹುಲ್ಲಿನೊಳಗೊಂದು ಕೊಳವೆ. ಅದರ ಬಾಯಿಗೆ ಸೀಸೆ ಹಿಡಿದು
ಎಣಿಸುತ್ತೇನೆ. ಏಪ್ರಿಲ್‌ನಲ್ಲಿ ತುಂಬಲು ನಲವತ್ತೊಂದು ಸೆಕೆಂಡು,
ಜೂನಿಗೆ ಮೂವತ್ತೆಂಟು.

ಆಮೇಲೆ ಬೆಳಕಿಗೆ ಎತ್ತಿ ನೋಡುವುದು.
ಇಷ್ಟನ್ನೇ ಕಲಿಸಿ ಹೋದಳು ಸರ್ಕಾರದ ಇಂಜಿನಿಯರು
ಲೊರೆಟಾ ಕಿಂಬಲ್, ಮೊಣಕಾಲುದ್ದ ಬೂಟಿನವಳು:
"ಮಣ್ಣಿನ ಏರಿ ಅಂದಮೇಲೆ ಜಿನುಗೇ ಜಿನುಗುತ್ತೆ.
ತಿಳಿಯಾಗಿದ್ದರೆ ಅದು ಕೆರೆ.
ಕದಡಿದ್ದರೆ ಅದು ಏರಿ."

ಕೆರೆ ದೊಡ್ಡದೇನಲ್ಲ. ಒಹಾಯೊದ ಹನ್ನೆರಡು ಎಕರೆ.
ಐವತ್ತೆಂಟರಲ್ಲಿ ಒಬ್ಬ ಸೈಟು ಮಾರುವವನು
ಬುಲ್ಡೋಜರು ಬಾಡಿಗೆಗೆ ತಂದು ತೊರೆಯ ಕುತ್ತಿಗೆಗೆ ಮಣ್ಣು ಸುರಿದ,
ಮಿಕ್ಕಿದ್ದನ್ನು ಮಳೆಗೆ ಬಿಟ್ಟ.
ಯಾರ ಹೊಲಕ್ಕೂ ಹರಿಯದ ನೀರು, ಯಾರ ಕೊಡಕ್ಕೂ ಬಾರದ್ದು;
ಕಾಲಲ್ಲಿ ತುಳಿಯುವ ದೋಣಿಗೆ, ಬ್ಲೂಗಿಲ್ ಮೀನಿಗೆ,
ಜುಲೈ ನಾಲ್ಕರ ಬಾಣಬಿರುಸು ಎರಡೆರಡಾಗಿ ಕಾಣುವುದಕ್ಕೆ.
ಸುಖಕ್ಕೆಂದು ಕಟ್ಟಿದ್ದಕ್ಕೆ
ಲೆಕ್ಕದ ಪುಸ್ತಕ ಇಟ್ಟವರಿಲ್ಲ.

ಈಗ ಕಾಗದ ಬಂದಿದೆ. ಏರಿ ಮೇಲಿನ ಮೇಪಲ್ ಕಡಿಯಬೇಕಂತೆ,
ಬೇರು ಸತ್ತ ದಾರಿಯಲ್ಲೇ ನೀರು ನಡೆಯುತ್ತದಂತೆ.
ನೀರಿಲಿ ತೋಡಿದ ಬಿಲ ಒಂಬತ್ತು.
ಮೀನು ತಪ್ಪಿಸಿಕೊಳ್ಳದಿರಲೆಂದು ಯಾರೋ
ಕೋಡಿಗೆ ಅಡ್ಡಲಾಗಿ ಕೋಳಿಗೂಡಿನ ಜಾಲರಿ ಬಿಗಿದಿದ್ದಾರೆ.
ಯಾರೋ ಅಂದರೆ ಡೆಲ್ಬರ್ಟ್ ನಾಸ್, ಸಂಘದ ಖಜಾಂಚಿ.
ಸಭೆ ಮುಗಿಯುವ ತನಕ ಕಾಫಿ ಕಲಕುತ್ತಲೇ ಇದ್ದ.

ಕೊನೆಯಲ್ಲೊಂದು ಸಾಲು: ಅಪಾಯದ ದರ್ಜೆ, ಹೆಚ್ಚು.
ಗುಲ್ಲೆದ್ದಿತು. ಅರವತ್ತು ವರ್ಷ ನಿಂತದ್ದು ಈಗ ಬೀಳುತ್ತಾ?
ಲೊರೆಟಾ ತಲೆಯಾಡಿಸಿದಳು. ದರ್ಜೆ ಏರಿಯದ್ದಲ್ಲ,
ಏರಿ ಗಟ್ಟಿಯಿದ್ದರೂ ಅದೇ, ಬಿರಿದಿದ್ದರೂ ಅದೇ.
ಅದು ಕೆಳಗೆ ಮಲಗಿರುವವರ ಲೆಕ್ಕ.

ಕೆಳಗೆ?
ದೋಣಿಯಲ್ಲಿ ಕೂತವರಿಗೆ
ಕೆಳಗೆ ಎಂಬುದೊಂದು ಕಾಣುವುದಿಲ್ಲ.

ನಡುರಾತ್ರಿ ಎಬ್ಬಿಸಲು ಫೋನ್ ನಂಬರು ಬೇಕು. ಹನ್ನೊಂದು ಮನೆ.
ಯಾರೂ ಕೈಯೆತ್ತದಾಗ ನಾನೆತ್ತಿದೆ.
ಅದೇ ರಸ್ತೆಯಲ್ಲಿ ಇಪ್ಪತ್ತಾರು ವರ್ಷ ಬಸ್ಸು ನಿಲ್ಲಿಸಿದವನು;
ನನ್ನ ಬಾಗಿಲು ತೆರೆಯುತ್ತಿತ್ತು, ಮುಚ್ಚುತ್ತಿತ್ತು,
ಅವರದನ್ನು ಒಮ್ಮೆಯೂ ತಟ್ಟಿರಲಿಲ್ಲ.

ಚಕ್ರದ ಮೇಲಿನ ಮನೆಯಿಂದ ಹೊರೇಸ್ ಟಿಬ್ಸ್
ಬನಿಯನ್ನಿನಲ್ಲೇ ಬಂದ. ರಾತ್ರಿ ಪಾಳಿಯ ನಿದ್ದೆ ಕಣ್ಣಲ್ಲಿ.
"ಯಾವ ಕೆರೆ?" ಅಂದ.
ಬೆರಳು ತೋರಿಸಿದೆ.
"ಅದು ಗುಡ್ಡ ಅಲ್ವಾ?
ಹಿಮ ಬಿದ್ದಾಗ ನನ್ನ ಮಗಳು ಅಲ್ಲಿಂದಲೇ ಜಾರೋದು."

ಒಂಬತ್ತು ವರ್ಷದಿಂದ ಅದರ ಬುಡದಲ್ಲಿದ್ದಾನೆ.
ಮೇಲಿನ ಬೇಲಿಯಲ್ಲಿ ಫಲಕ: ಸದಸ್ಯರಿಗೆ ಮಾತ್ರ.
ಮೊಳೆ ಹೊಡೆದವನು ನಾನು.

ಜುನೆಲ್, ಏಳು ವರ್ಷದವಳು, ಅಪ್ಪನ ಬೆನ್ನ ಹಿಂದಿನಿಂದ:
"ಅಲ್ಲಿ ಮೀನಿದೆಯಾ?"
ಇದೆ ಅಂದೆ. ನಂಬರು ಬರೆದುಕೊಂಡೆ.
ಗೇಟಿನ ತನಕ ಹೋಗಿ ನೋಡಿದರೆ ಏಳೋ ಒಂದೋ ತಿಳಿಯದು;
ವಾಪಸು ಬಂದು ಕೇಳಿ ತಿದ್ದಿದೆ.

ಸೆಪ್ಟೆಂಬರಿನಲ್ಲಿ ತೂಬೆತ್ತಿ ನೀರು ಆರಡಿ ಇಳಿಸಿದೆವು.
ಕೆಸರಲ್ಲಿ ಸಿಕ್ಕಿದ್ದು ಮಡಚುಕುರ್ಚಿ,
ಕಪ್ಪು ಕನ್ನಡಕ ನಾಲ್ಕು, ಒಂದು ಕಟ್ಟುಹಲ್ಲಿನ ಸೆಟ್ಟು.
ಯಾರೂ ತಮ್ಮದೆನ್ನಲಿಲ್ಲ.
ಚಂದಾ ಮೂರು ಪಟ್ಟಾಯಿತು, ಇಬ್ಬರು ಮನೆ ಮಾರಾಟಕ್ಕಿಟ್ಟರು.
ಮೇಪಲ್ ಕೆಂಪಗೆ ನಿಂತಿದೆ. ಗರಗಸದವನು ಬುಧವಾರ ಬರುತ್ತಾನೆ.

ಈ ಶನಿವಾರ ಅರವತ್ತಾರು ಸೆಕೆಂಡು.
ಟಿಬ್ಸನ ಕಾರು ಪಾಳಿ ಮುಗಿಸಿ ಒಳಗೆ ತಿರುಗಿತು,
ಹೆಡ್‌ಲೈಟಿನ ಬೆಳಕು ನನ್ನ ಕಾಲ ಮೇಲೆ ಹಾದು ಆರಿತು.
ಸೀಸೆ ಎತ್ತಿ ನೋಡಿದೆ. ತಳದಲ್ಲೊಂದು ಕಾಳಷ್ಟು ಏನೋ,
ಮಣ್ಣೋ,
ಉಪ್ಪಿನಕಾಯಿಯ ಕಾಲದಿಂದ ಉಳಿದ ಸಾಸಿವೆಯೋ.

ತೊಳೆದೆ. ಮತ್ತೆ ಕೊಳವೆಗೆ ಹಿಡಿದೆ.
ಒಂದು.